ಮನೆಮಂದಿಯ ಪಾಠಕ್ಕೆ ವಾರಕ್ಕೊಂದು ಪೀರಿಯಡ್

ಕುಟುಂಬ ಎಂದರೇನು ಎಂದು ಕೇಳಿದರೆ ನಮ್ಮ ಹೈಸ್ಕೂಲು ಮಕ್ಕಳು ತಡವರಿಸದೆ ಬರೆಯುತ್ತಾರೆ. ಅಪ್ಪನ ಸಿಟ್ಟು, ಗೆಳತಿಯ ಮುನಿಸು, ಒಳಗಿನ ತಳಮಳ ಎದುರಾದಾಗ ಏನು ಮಾಡಬೇಕೆಂದು ಮಾತ್ರ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಇದನ್ನು ಶಾಲೆಯಲ್ಲಿ ಕಲಿಸಬಹುದೇ? ಖಂಡಿತ ಕಲಿಸಬಹುದು, ಕಲಿಸುವ ಬಗೆ ಸರಿಯಿದ್ದರೆ! ಜಪಾನಿನಿಂದ ಹರಿಯಾಣದವರೆಗಿನ ಅನುಭವ ಹೇಳುವುದು ಇದನ್ನೇ.

ಬಿಸಿಯೂಟ ಮುಗಿದಿದೆ. ತಟ್ಟೆ ತೊಳೆದ ನೀರು ನಲ್ಲಿ ಕಟ್ಟೆಯಿಂದ ಇನ್ನೂ ಇಳಿಯುತ್ತಿದೆ. ಒಂಬತ್ತನೇ ತರಗತಿಗೆ ಈಗ ಸಮಾಜ ವಿಜ್ಞಾನ. ಬಲಕ್ಕೆ ಹುಡುಗರು, ಎಡಕ್ಕೆ ಹುಡುಗಿಯರು. ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ‘ಕುಟುಂಬ’ ಎಂದು ಬರೆದಿದೆ.

‘ಅವಿಭಕ್ತ ಕುಟುಂಬದ ಲಕ್ಷಣ ಹೇಳ್ರಿ ನೋಡೋಣ.’ ಮೇಡಂ ಕೇಳಿದ್ದೇ ತಡ, ಹತ್ತಾರು ಕೈ ಮೇಲೇಳುತ್ತವೆ. ‘ಒಂದೇ ಸೂರು ಮೇಡಂ.’ ‘ಒಂದೇ ಒಲೆ.’ ‘ಆಸ್ತಿ ಎಲ್ಲರದೂ ಮೇಡಂ.’

ಮೂರನೇ ಬೆಂಚಿನ ಹುಡುಗಿಯೂ ಕೈ ಎತ್ತಿದ್ದಾಳೆ. ಅವಳ ಅಪ್ಪ, ಅಮ್ಮ ಮಾತು ಬಿಟ್ಟು ವಾರವಾಯಿತು. ‘ಊಟಕ್ಕೆ ಬರಬೇಕಂತೆ ಅಂತ ನಿಮ್ಮಪ್ಪಂಗೆ ಹೇಳು.’ ‘ಹಸಿವಿಲ್ಲ ಅಂತ ನಿಮ್ಮಮ್ಮಂಗೆ ಹೇಳು.’ ಎರಡು ಕೋಣೆಗಳ ನಡುವೆ ಈ ಮಾತು ಹೊತ್ತು ಓಡಾಡುವುದು ಅವಳ ಕೆಲಸ. ಹಿಂದಿನ ಬೆಂಚಿನ ಹುಡುಗನ ಅಪ್ಪ, ಅಮ್ಮ ಗುಳೆ ಹೋಗಿ ಬೆಂಗಳೂರಿನಲ್ಲಿ ಕಟ್ಟಡದ ಕೆಲಸದಲ್ಲಿದ್ದಾರೆ. ಊರಲ್ಲಿ ಅವನು, ತಂಗಿ ಮತ್ತು ಅಜ್ಜಿ. ಇಬ್ಬರೂ ಪರೀಕ್ಷೆಯಲ್ಲಿ ಉತ್ತರ ಸರಿಯಾಗಿಯೇ ಬರೆದಾರು. ಎರಡಕ್ಕೆ ಎರಡು ಅಂಕ ಸಿಕ್ಕೀತು.

ಇಂಥ ತರಗತಿ ರಾಜ್ಯದ ಯಾವ ತಾಲ್ಲೂಕಿನಲ್ಲಾದರೂ ಕಾಣಸಿಗುತ್ತದೆ.

ಮೇ 15 ವಿಶ್ವ ಕುಟುಂಬ ದಿನ. ವಿಶ್ವಸಂಸ್ಥೆ 1993ರಲ್ಲಿ ನಿರ್ಣಯ ಮಾಡಿ, ಮರುವರ್ಷದಿಂದ ಆಚರಿಸುತ್ತಿರುವ ದಿನವಿದು. ಅದಾಗಿ ಎರಡು ವಾರಕ್ಕೆಲ್ಲ ನಮ್ಮಲ್ಲಿ ಶಾಲೆಗಳ ಬಾಗಿಲು ತೆರೆಯುತ್ತದೆ. ವೇಳಾಪಟ್ಟಿ ಬರೆಯುವ ಈ ಹೊತ್ತಿನಲ್ಲಿ ಒಂದು ಪ್ರಶ್ನೆಯನ್ನು ಗಂಭೀರವಾಗಿ ಕೇಳಿಕೊಳ್ಳಬೇಕಿದೆ. ಜೊತೆಗಿರುವವರೊಡನೆ ಹೇಗೆ ಬಾಳಬೇಕು ಎಂಬ ಪಾಠಕ್ಕೆ ನಮ್ಮ ಹೈಸ್ಕೂಲಿನಲ್ಲಿ ಜಾಗವಿದೆಯೇ?

ಪಾಠವಿದೆ, ಅಭ್ಯಾಸವಿಲ್ಲ

ಪಠ್ಯಪುಸ್ತಕದಲ್ಲಿ ಜಾಗವಿದೆ. ರಾಜ್ಯ ಪಠ್ಯಕ್ರಮದ ಒಂಬತ್ತನೇ ತರಗತಿಯ ಸಮಾಜಶಾಸ್ತ್ರ ಭಾಗದಲ್ಲಿ ಕುಟುಂಬದ ಬಗ್ಗೆ ಒಂದು ಪಾಠ, ಸಾಮಾಜೀಕರಣ ಮತ್ತು ಕುಟುಂಬ ಸಂಬಂಧಗಳ ಬಗ್ಗೆ ಇನ್ನೊಂದು ಪಾಠ ಬಂದಿವೆ. ಪಿಯುಸಿಯಲ್ಲಿ ಸಮಾಜಶಾಸ್ತ್ರ ತೆಗೆದುಕೊಂಡವರು ಧಾರವಾಡ ಜಿಲ್ಲೆಯ ಲೋಕೂರಿನ ಹೆಸರಾಂತ ಅವಿಭಕ್ತ ಕುಟುಂಬದ ವಿಚಾರವನ್ನೂ ಓದುತ್ತಾರೆ.

ಕುಟುಂಬವನ್ನು ಅಧ್ಯಯನದ ವಸ್ತುವಾಗಿ ನೋಡುವುದು ಕನ್ನಡ ನಾಡಿಗೆ ಹೊಸದೂ ಅಲ್ಲ. ಮೈಸೂರಿನಲ್ಲಿ ಹುಟ್ಟಿ ಬೆಳೆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರ ಮೊದಲ ಪುಸ್ತಕ ಬಂದದ್ದು 1942ರಲ್ಲಿ. ಅದರ ವಿಷಯ ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬ.

ಕೊರತೆ ಇರುವುದು ಬೇರೆ ಕಡೆ. ಕುಟುಂಬದ ವಿಧಗಳು, ಲಕ್ಷಣಗಳು, ಕಾರ್ಯಗಳು ಬಾಯಿಪಾಠವಾಗುತ್ತವೆ. ಸೈಕಲ್ಲಿನ ಚಿತ್ರ ಬಿಡಿಸಿ ಪೆಡಲ್, ಚೈನು, ಹ್ಯಾಂಡಲ್ ಎಂದು ಗುರುತು ಮಾಡಿದ ಮಾತ್ರಕ್ಕೆ ಸೈಕಲ್ ಹೊಡೆಯಲು ಬರುವುದಿಲ್ಲ. ಹತ್ತಿ, ಬಿದ್ದು, ಮತ್ತೆ ಹತ್ತಬೇಕು. ಸಿಟ್ಟು ಬಂದಾಗ ಮಾತು ಹೇಗೆ ಆಡಬೇಕು, ಬೇಡವಾದದ್ದನ್ನು ಬೇಡ ಎನ್ನುವುದು ಹೇಗೆ, ಹಿರಿಯರು ತಪ್ಪು ಮಾಡುತ್ತಿದ್ದಾರೆ ಅನ್ನಿಸಿದರೆ ಯಾರ ಬಳಿ ಹೋಗಬೇಕು ಎಂಬುದೆಲ್ಲ ಅಭ್ಯಾಸದಿಂದ ಬರುವ ವಿದ್ಯೆ.

‘ಅದನ್ನೆಲ್ಲ ಮನೆಯಲ್ಲೇ ಕಲಿಯುತ್ತಾರೆ ಬಿಡಿ’ ಎನ್ನುವವರಿದ್ದಾರೆ. ಮನೆಯೇ ಮೊದಲ ಪಾಠಶಾಲೆ ಎಂಬ ಮಾತು ನಿಜ. ಆದರೆ ‘ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು’ ಎಂಬ ಗಾದೆಯನ್ನು ಕಟ್ಟಿದವರೂ ನಮ್ಮ ಹಿರಿಯರೇ. ಮನೆ ಎಲ್ಲ ಮಕ್ಕಳಿಗೂ ಒಂದೇ ಪಾಠ ಹೇಳುವುದಿಲ್ಲ. ಹೊಡೆತ ನೋಡಿ ಬೆಳೆದವನು ಹೊಡೆಯುವುದೇ ರೂಢಿ ಎಂದು ತಿಳಿದಾನು. ಬಾಯಿ ಮುಚ್ಚಿಕೊಂಡ ತಾಯಿಯನ್ನು ನೋಡಿ ಬೆಳೆದವಳು ಮೌನವೇ ಹೆಣ್ಣಿನ ಗುಣ ಎಂದುಕೊಂಡಾಳು.

ಇದು ಬರೀ ಮನಸ್ತಾಪಗಳ ಮಾತಲ್ಲ. ದೇಶದಲ್ಲಿ 2022ರಲ್ಲಿ ದಾಖಲಾದ ಆತ್ಮಹತ್ಯೆಗಳ ಪೈಕಿ ಶೇ 31.7ಕ್ಕೆ ‘ಕೌಟುಂಬಿಕ ಸಮಸ್ಯೆ’ಯೇ ಕಾರಣ ಎಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ವರದಿ ಹೇಳುತ್ತದೆ. ಕಾಯಿಲೆ, ಸಾಲ, ನಿರುದ್ಯೋಗ ಎಲ್ಲವೂ ಅದರ ನಂತರವೇ. ಇತ್ತ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 20ರಿಂದ 24 ವರ್ಷದ ಮಹಿಳೆಯರಲ್ಲಿ ಶೇ 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಅಂದರೆ ಐವರಲ್ಲಿ ಒಬ್ಬಳಿಗೆ ಹೈಸ್ಕೂಲು ಅಥವಾ ಪಿಯುಸಿ ಓದುವ ವಯಸ್ಸಿನಲ್ಲೇ ಸಂಸಾರದ ನೊಗ ಹೆಗಲೇರಿದೆ.

---

ಬಾಕ್ಸ್: ಹತ್ತು ಜೀವನ ಕೌಶಲಗಳು

ಶಾಲೆಗಳಲ್ಲಿ ಜೀವನ ಕೌಶಲ ಶಿಕ್ಷಣಕ್ಕಾಗಿ ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದ ಆರಂಭದಲ್ಲಿ ಗುರುತಿಸಿದ ಹತ್ತು ಕೌಶಲಗಳು:

• ತನ್ನನ್ನು ತಾನು ಅರಿಯುವುದು
• ಇನ್ನೊಬ್ಬರ ಜಾಗದಲ್ಲಿ ನಿಂತು ನೋಡುವುದು
• ಪರಸ್ಪರ ಸಂಬಂಧ ನಿಭಾಯಿಸುವುದು
• ಪರಿಣಾಮಕಾರಿ ಸಂವಹನ
• ವಿಮರ್ಶಾತ್ಮಕ ಚಿಂತನೆ
• ಸೃಜನಶೀಲ ಚಿಂತನೆ
• ನಿರ್ಧಾರ ಕೈಗೊಳ್ಳುವುದು
• ಸಮಸ್ಯೆ ಬಿಡಿಸುವುದು
• ಭಾವನೆಗಳನ್ನು ನಿಭಾಯಿಸುವುದು
• ಒತ್ತಡವನ್ನು ನಿಭಾಯಿಸುವುದು

---

ಹುಡುಗಿಯರ ಪಾಠವಾಗಿಯೇ ಉಳಿದದ್ದು

ಮನೆವಾರ್ತೆಯನ್ನು ಶಾಲೆ, ಕಾಲೇಜಿಗೆ ತರುವ ಯತ್ನ ನಮ್ಮಲ್ಲಿ ಸ್ವಾತಂತ್ರ್ಯಕ್ಕೂ ಮೊದಲೇ ಶುರುವಾಗಿತ್ತು. 1927ರಲ್ಲಿ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಸೇರಿದ್ದೇ ಹೆಣ್ಣುಮಕ್ಕಳ ಶಿಕ್ಷಣದ ಚರ್ಚೆಗಾಗಿ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಆ ಸಂಘಟನೆಯನ್ನು ಕಟ್ಟಿದ ಮುಂಚೂಣಿಯವರಲ್ಲಿ ಒಬ್ಬರು. ಅದೇ ಸಂಘಟನೆಯ ದುಡಿಮೆಯಿಂದ 1932ರಲ್ಲಿ ದೆಹಲಿಯಲ್ಲಿ ಲೇಡಿ ಇರ್ವಿನ್ ಕಾಲೇಜು ತಲೆಯೆತ್ತಿತು. ಆಹಾರ, ಆರೋಗ್ಯ, ಮಕ್ಕಳ ಬೆಳವಣಿಗೆ, ಮನೆಯ ಹಣಕಾಸು ಎಲ್ಲವೂ ವಿಜ್ಞಾನವಾಗಿ ಪಾಠವಾದವು.

ಆದರೆ ‘ಗೃಹವಿಜ್ಞಾನ’ ಎಂದೊಡನೆ ಅದು ಹುಡುಗಿಯರದು ಎಂಬ ಭಾವನೆ ಗಟ್ಟಿಯಾಯಿತು. ಇದನ್ನು ಪ್ರಶ್ನಿಸಿದವರು ಹಂಸಾ ಮೆಹ್ತಾ. ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಮೊದಲ ವಿಧಿಯಲ್ಲಿ ‘ಎಲ್ಲ ಪುರುಷರು’ ಎಂದಿದ್ದುದನ್ನು ‘ಎಲ್ಲ ಮಾನವರು’ ಎಂದು ಮಾಡಿಸಿದ ದಿಟ್ಟೆ ಇವರೇ. ಇವರ ಅಧ್ಯಕ್ಷತೆಯ ಸಮಿತಿ 1960ರ ದಶಕದ ಆರಂಭದಲ್ಲೇ, ಹುಡುಗರಿಗೊಂದು ಹುಡುಗಿಯರಿಗೊಂದು ಪಠ್ಯಕ್ರಮ ಬೇಡವೆಂದು ಶಿಫಾರಸು ಮಾಡಿತು. ಶಿಕ್ಷಣ ಕುರಿತ ಕೊಠಾರಿ ಆಯೋಗ ಅದನ್ನು ಎತ್ತಿಹಿಡಿಯಿತು.

ಮುಂದೆ ಎನ್‌ಸಿಇಆರ್‌ಟಿ ಹನ್ನೊಂದು, ಹನ್ನೆರಡನೇ ತರಗತಿಗೆ ‘ಮಾನವ ಪರಿಸರ ಮತ್ತು ಕುಟುಂಬ ವಿಜ್ಞಾನ’ ಎಂಬ ಹೊಸ ಪಠ್ಯ ತಂದು, ವಿಷಯ ಇಬ್ಬರಿಗೂ ಸೇರಿದ್ದು ಎಂಬುದನ್ನು ಸ್ಪಷ್ಟಪಡಿಸಿತು. ಕುಟುಂಬದವರು, ಗೆಳೆಯರು, ಶಿಕ್ಷಕರು ಹೀಗೆ ಬದುಕಿನಲ್ಲಿ ಮುಖ್ಯರಾದವರೊಡನೆ ನಮ್ಮ ಒಡನಾಟ ಹೇಗಿರುತ್ತದೆ ಎಂಬ ಅಧ್ಯಾಯವೇ ಅದರಲ್ಲಿದೆ. ನಮ್ಮ ಪಿಯುಸಿಯಲ್ಲೂ ಗೃಹವಿಜ್ಞಾನ ಐಚ್ಛಿಕ ವಿಷಯ. ಆದರೆ ಆಯ್ದುಕೊಂಡವರಿಗೆ ಮಾತ್ರ ಸಿಗುವ ಪಾಠ, ಹತ್ತನೇ ತರಗತಿಗೇ ಓದು ನಿಲ್ಲಿಸುವ ಮಕ್ಕಳನ್ನು ತಲುಪುವುದೇ ಇಲ್ಲ.

ಮನೆವಾರ್ತೆ ಹುಡುಗಿಯರದು ಎಂಬ ಭಾವನೆಯ ಪರಿಣಾಮ ಮನೆಮನೆಯಲ್ಲೂ ಕಾಣುತ್ತದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ ಆರು ವರ್ಷ ಮೇಲ್ಪಟ್ಟವರನ್ನು ವಿಚಾರಿಸಲಾಯಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ಕೈ ಹಾಕುವವರು ಹೆಂಗಸರಲ್ಲಿ ಶೇ 81.2, ಗಂಡಸರಲ್ಲಿ ಶೇ 26.1. ಕೆಲಸ ಮಾಡುವವರ ಪೈಕಿಯೂ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ.

ಜಪಾನಿನ ಹುಡುಗರು ಒಲೆ ಮುಂದೆ ನಿಂತಾಗ

ಈ ಗಂಟನ್ನು ಬಿಚ್ಚಲು ಜಪಾನ್ ಮಾಡಿದ ಪ್ರಯತ್ನ ನಾವು ತಿಳಿಯಬೇಕಾದದ್ದು. ಅಲ್ಲಿ 1960ರ ದಶಕದ ಹೊತ್ತಿಗೆ ಹೈಸ್ಕೂಲಿನ ಹುಡುಗಿಯರು ಅಡುಗೆ, ಹೊಲಿಗೆ, ಶಿಶುಪಾಲನೆ ಕಲಿಯುವ ಹೊತ್ತಿನಲ್ಲಿ ಹುಡುಗರಿಗೆ ಬೇರೆ ತರಗತಿ ನಡೆಯುತ್ತಿತ್ತು. ಮಾಧ್ಯಮಿಕ ಶಾಲೆಯಲ್ಲೂ ಹುಡುಗರಿಗೆ ಮರಗೆಲಸ, ಯಂತ್ರ, ಹುಡುಗಿಯರಿಗೆ ಮನೆವಾರ್ತೆ.

1974ರಲ್ಲಿ ಶಿಕ್ಷಕಿಯರು, ಮಹಿಳಾ ಹೋರಾಟಗಾರರು ಸೇರಿ, ಇಬ್ಬರಿಗೂ ಒಂದೇ ಪಾಠ ಬೇಕೆಂದು ಸಂಘ ಕಟ್ಟಿದರು. ಸರ್ಕಾರ ಬಹುಕಾಲ ಕದಲಲಿಲ್ಲ. ಮಹಿಳೆಯರ ಮೇಲಿನ ತಾರತಮ್ಯ ನಿವಾರಣೆಯ ವಿಶ್ವಸಂಸ್ಥೆಯ ಒಡಂಬಡಿಕೆಗೆ ಜಪಾನ್ 1985ರಲ್ಲಿ ಒಪ್ಪಿಗೆ ನೀಡಿದಾಗ ಬೇರೆ ದಾರಿ ಉಳಿಯಲಿಲ್ಲ. ಒಂದೇ ಪಠ್ಯಕ್ರಮ ಎಂಬುದು ಆ ಒಡಂಬಡಿಕೆಯ ಷರತ್ತು. 1993ರಲ್ಲಿ ಮಾಧ್ಯಮಿಕ ಶಾಲೆ, 1994ರಲ್ಲಿ ಹೈಸ್ಕೂಲು, ಎರಡರಲ್ಲೂ ಮನೆವಾರ್ತೆಯ ಪಾಠ ಹುಡುಗರಿಗೂ ಕಡ್ಡಾಯವಾಯಿತು.

ಅದು ಅನ್ನ ಬೇಯಿಸುವ ಪಾಠವಷ್ಟೇ ಆಗಿರಲಿಲ್ಲ. ಮದುವೆ, ಮಗು, ಮುದಿತನ, ಮನೆಯ ಆಯವ್ಯಯ ಎಲ್ಲವೂ ಅದರೊಳಗಿದ್ದವು. ಮಕ್ಕಳನ್ನು ಶಿಶುವಿಹಾರಕ್ಕೆ ಕರೆದೊಯ್ದು ಪುಟಾಣಿಗಳೊಡನೆ ಆಡಲು ಬಿಡುವ ಪದ್ಧತಿ ಬಂತು. ಹದಿನಾರರ ಹುಡುಗ ಮೂರು ವರ್ಷದ ಮಗುವಿನ ಮುಂದೆ ಮಂಡಿಯೂರಿ ಕೂರುವುದು ಅಲ್ಲಿ ಪಾಠದ ಭಾಗ.

ಮಾಧ್ಯಮಿಕ ಶಾಲೆಯಲ್ಲಿ ಹೀಗೆ ಒಟ್ಟಿಗೆ ಕಲಿತ ತಲೆಮಾರು ದೊಡ್ಡದಾದ ಮೇಲೆ ಅರ್ಥಶಾಸ್ತ್ರಜ್ಞೆಯರಾದ ಹಿರೊಮಿ ಹಾರಾ ಮತ್ತು ನೂರಿಯಾ ರೋಡ್ರಿಗಸ್ ಪ್ಲಾನಾಸ್ ಅವರ ದಿನಚರಿಯನ್ನು ಅಭ್ಯಸಿಸಿದರು. ರಜಾದಿನಗಳಲ್ಲಿ ಮನೆಗೆಲಸಕ್ಕೆ ಗಂಡಸರು ಕೊಡುವ ಸಮಯ ಹಿಂದಿನ ತಲೆಮಾರಿಗಿಂತ ಹೆಚ್ಚಿತ್ತು. ಜಪಾನಿನ ಮನೆಗಳಲ್ಲಿ ಸಮಾನತೆ ಪೂರ್ತಿ ಬಂದಿಲ್ಲ. ಆದರೂ ಶಾಲೆಯ ಒಂದು ಪಾಠ ದಶಕಗಳ ನಂತರ ಮನೆಯೊಳಗೆ ಗುರುತು ಬಿಟ್ಟದ್ದು ಸಣ್ಣ ಸಂಗತಿಯಲ್ಲ.

ಹರಿಯಾಣದ ಎರಡೂವರೆ ವರ್ಷ

‘ಜಪಾನಿನ ಮಾತು ಬೇರೆ’ ಎನ್ನಬಹುದು. ಹಾಗಾದರೆ ಹರಿಯಾಣಕ್ಕೆ ಬನ್ನಿ. ಹೆಣ್ಣು ಭ್ರೂಣಹತ್ಯೆಗೆ ಹೆಸರು ಕೆಡಿಸಿಕೊಂಡ ರಾಜ್ಯ ಅದು. ಸೋನಿಪತ್, ಪಾಣಿಪತ್, ರೋಹ್ಟಕ್, ಝಜ್ಜರ್ ಜಿಲ್ಲೆಗಳ 314 ಸರ್ಕಾರಿ ಶಾಲೆಗಳನ್ನು ಆರಿಸಿ, ಸುಮಾರು ಅರ್ಧ ಶಾಲೆಗಳಲ್ಲಿ ಬ್ರೇಕ್‌ಥ್ರೂ ಎಂಬ ಸ್ವಯಂಸೇವಾ ಸಂಸ್ಥೆ ತರಗತಿ ನಡೆಸಿತು. ಹುಡುಗರು, ಹುಡುಗಿಯರು ಒಟ್ಟಿಗೆ ಕೂತು, 45 ನಿಮಿಷ ಮಾತುಕತೆ. ಮನೆಯಲ್ಲಿ ಯಾರು ಏನು ಕೆಲಸ ಮಾಡುತ್ತಾರೆ, ಯಾಕೆ ಹಾಗೆ, ಅಣ್ಣನಿಗೊಂದು ತಂಗಿಗೊಂದು ನಿಯಮ ಯಾಕೆ ಎಂಬ ಚರ್ಚೆ. ಇದು ಎರಡೂವರೆ ವರ್ಷ ನಡೆಯಿತು.

ದಿವಾ ಧರ್, ತರುಣ್ ಜೈನ್, ಸೀಮಾ ಜಯಚಂದ್ರನ್ ಎಂಬ ಅರ್ಥಶಾಸ್ತ್ರಜ್ಞರು ಫಲಿತಾಂಶ ಅಳೆದರು. ಲಿಂಗ ತಾರತಮ್ಯದ ನಿಲುವುಗಳಲ್ಲಿ ಶೇ 16ರಷ್ಟು ಬದಲಾಗಿ ಸಮಾನತೆಯ ಕಡೆಗೆ ಹೊರಳಿದ್ದವು. ಹುಡುಗರು ಮನೆಗೆಲಸದಲ್ಲಿ ಹೆಚ್ಚು ಕೈಜೋಡಿಸುತ್ತಿರುವುದಾಗಿ ಹೇಳಿದರು. ತರಗತಿ ಮುಗಿದು ಎರಡು ವರ್ಷವಾದ ಮೇಲೆ ವಿಚಾರಿಸಿದಾಗಲೂ ಆ ಬದಲಾವಣೆ ಉಳಿದಿತ್ತು.

ಭಾಷಣದಿಂದ ಇದು ಆಗುವುದಿಲ್ಲ. ಹದಿಮೂರು, ಹದಿನಾಲ್ಕರ ಮಕ್ಕಳು ತಮ್ಮ ಮನೆಯನ್ನು ಹೊಸ ಕಣ್ಣಿನಿಂದ ನೋಡಲು ಶುರು ಮಾಡಿ, ಓರಗೆಯವರ ಎದುರು ಅದನ್ನು ಬಾಯಿಬಿಟ್ಟು ಹೇಳಿದಾಗ ಆಗುತ್ತದೆ. ಅದಕ್ಕೆ ಸಮಯ ಬೇಕು. ಒಂದು ದಿನದ ಕಾರ್ಯಾಗಾರ, ಬ್ಯಾನರು, ಫೋಟೊಗಳಿಂದ ಕೈಗೂಡುವ ಕೆಲಸ ಇದಲ್ಲ.

ಕಲಿಸುವವರು ಯಾರು?

ಬಿಹಾರದ ನಳಂದಾ ಜಿಲ್ಲೆಯ 74 ಸರ್ಕಾರಿ ಹೈಸ್ಕೂಲುಗಳಲ್ಲಿ ನಡೆದ ‘ಸೆಹರ್’ ಎಂಬ ಪ್ರಯೋಗದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಕೆಲವು ಶಾಲೆಗಳಲ್ಲಿ ಇದಕ್ಕೆಂದೇ ತರಬೇತಿ ಪಡೆದ ಸ್ಥಳೀಯ ಆಪ್ತಸಲಹೆಗಾರರು, ಇನ್ನು ಕೆಲವು ಶಾಲೆಗಳಲ್ಲಿ ಅಲ್ಲಿನ ಶಿಕ್ಷಕರು ಒಂದೇ ಬಗೆಯ ಕಾರ್ಯಕ್ರಮ ನಡೆಸಿದರು. ಆಪ್ತಸಲಹೆಗಾರರಿದ್ದ ಕಡೆ ಶಾಲೆಯ ವಾತಾವರಣ ಹಸನಾಯಿತು. ಮಕ್ಕಳಲ್ಲಿ ಖಿನ್ನತೆ ಇಳಿಯಿತು, ಕಾಡಿಸುವುದು, ಹೊಡೆದಾಟ ಕಡಿಮೆಯಾದವು. ಶಿಕ್ಷಕರೇ ನಡೆಸಿದ ಕಡೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಇದನ್ನು ಶಿಕ್ಷಕರ ಮೇಲಿನ ದೂರೆಂದು ಓದಬಾರದು. ಪಾಠ, ಪರೀಕ್ಷೆ, ದಾಖಲೆ, ಗಣತಿ, ಚುನಾವಣೆ ಎಲ್ಲವನ್ನೂ ಅವರ ತಲೆಗೇ ಕಟ್ಟಿದ್ದೇವೆ. ಬೆಳಿಗ್ಗೆ ಅಂಕ ಕಡಿಮೆಯಾಯಿತೆಂದು ಗದರಿದವರ ಬಳಿ ಮಧ್ಯಾಹ್ನ ಮನೆಯ ನೋವು ತೋಡಿಕೊಳ್ಳಲು ಮಗುವಿಗೂ ಕಷ್ಟ.

ಹಾಗೆಂದು ಶಿಕ್ಷಕರಿಂದ ಆಗದ ಕೆಲಸವೂ ಇದಲ್ಲ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಅವರ ಮೂಲಕವೇ ಇದನ್ನು ಮೊದಲೇ ಮಾಡಿ ನೋಡಿದೆ. ಅಲ್ಲಿನ ಶ್ರೀಕಲಾ ಭರತ್ ಮತ್ತು ಕಿಶೋರ್ ಕುಮಾರ್ ರೂಪಿಸಿದ ಜೀವನ ಕೌಶಲ ಕಾರ್ಯಕ್ರಮದಲ್ಲಿ ಹೈಸ್ಕೂಲು ಶಿಕ್ಷಕರಿಗೇ ತರಬೇತಿ ಕೊಟ್ಟು, ಚಟುವಟಿಕೆಗಳ ಮೂಲಕ ತರಗತಿ ನಡೆಸಲಾಯಿತು. 2010ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಕಾರ್ಯಕ್ರಮದಲ್ಲಿದ್ದ ಮಕ್ಕಳ ಆತ್ಮಗೌರವ ಹೆಚ್ಚಿತ್ತು. ಕಷ್ಟ ಎದುರಿಸುವ ಧೈರ್ಯ ಹೆಚ್ಚಿತ್ತು. ಶಿಕ್ಷಕರೊಂದಿಗೆ ಹೊಂದಾಣಿಕೆ ಉತ್ತಮವಾಗಿತ್ತು. ಆದರೆ ಮನೆಯವರೊಂದಿಗಿನ ಹೊಂದಾಣಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಈ ಕೊನೆಯ ಸಂಗತಿ ಬಹಳ ಮುಖ್ಯ. ಮಗು ಶಾಂತವಾಗಿ ಮಾತಾಡಲು ಕಲಿತು ಮನೆಗೆ ಹೋದರೆ ಅಲ್ಲಿ ‘ಎದುರು ಮಾತಾಡ್ತೀಯಾ?’ ಎಂಬ ಗದರಿಕೆ ಕಾದಿರಬಹುದು. ಸಂಬಂಧಕ್ಕೆ ಎರಡು ತುದಿ. ಒಂದೇ ತುದಿಗೆ ಪಾಠ ಹೇಳಿದರೆ ಅರ್ಧ ಕೆಲಸವಾದಂತೆ. ಆದ್ದರಿಂದ ಪೋಷಕರ ಸಭೆಯಲ್ಲಿ ಅಂಕಪಟ್ಟಿಯ ಜೊತೆಗೆ ಈ ಮಾತೂ ಬರಬೇಕು.

---

ಬಾಕ್ಸ್: ಎಲ್ಲಿ, ಏನು?

• ಸ್ವೀಡನ್: 1962ರಲ್ಲಿ ಹೊಸ ಶಾಲಾ ವ್ಯವಸ್ಥೆ ಬಂದಾಗಲೇ ಮನೆವಾರ್ತೆಯ ಪಾಠ ಹುಡುಗ, ಹುಡುಗಿ ಇಬ್ಬರಿಗೂ ಕಡ್ಡಾಯ.

• ಫಿನ್‌ಲೆಂಡ್: ಮನೆವಾರ್ತೆಯ ಪಾಠ ಏಳನೇ ತರಗತಿಯಲ್ಲಿ ಎಲ್ಲರಿಗೂ ಕಡ್ಡಾಯ.

• ಅಮೆರಿಕ: ಕಾರ್ನೆಲ್ ವಿಶ್ವವಿದ್ಯಾಲಯದ ಗೃಹವಿಜ್ಞಾನ ವಿಭಾಗ 1919ರಿಂದ 1969ರವರೆಗೆ ಅನಾಥಾಲಯದ ಕೂಸುಗಳನ್ನು ತಂದು, ವಿದ್ಯಾರ್ಥಿನಿಯರಿಗೆ ಸರದಿಯಲ್ಲಿ ಆರೈಕೆ ಕಲಿಸುತ್ತಿತ್ತು. ದಿನಕ್ಕೊಬ್ಬ ತಾಯಿಯಾದರೆ ಮಗುವಿಗೆ ಒಳ್ಳೆಯದಲ್ಲ ಎಂಬ ತಿಳಿವಳಿಕೆ ಬೆಳೆದ ಮೇಲೆ ಪದ್ಧತಿ ನಿಂತಿತು.

• ಆಸ್ಟ್ರೇಲಿಯಾ: ಪರ್ತ್ ನಗರದ 57 ಶಾಲೆಗಳಲ್ಲಿ ಹದಿಹರೆಯದ ಗರ್ಭಧಾರಣೆ ತಡೆಯಲೆಂದು, ಹುಡುಗಿಯರಿಗೆ ಅಳುವ ಎಲೆಕ್ಟ್ರಾನಿಕ್ ಗೊಂಬೆ ಕೊಟ್ಟು ವಾರಾಂತ್ಯ ಪೂರ್ತಿ ಸಾಕಲು ಹೇಳಲಾಯಿತು. 2016ರಲ್ಲಿ ಬಂದ ಫಲಿತಾಂಶ ತದ್ವಿರುದ್ಧ. ಗೊಂಬೆ ಸಾಕಿದವರಲ್ಲಿ 20 ವರ್ಷದೊಳಗೆ ಹೆತ್ತವರು ಶೇ 8, ಸಾಕದವರಲ್ಲಿ ಶೇ 4.

---

2007ರ ಗದ್ದಲ, 2022ರ ಆದೇಶ

ಪರ್ತ್ ನಗರದ ಗೊಂಬೆ ಹೇಳುವ ಪಾಠ ಸರಳ. ಹೆದರಿಸಿ ಕಲಿಸಲು ಹೋದರೆ ಫಲ ಸಿಗುವುದಿಲ್ಲ. ಕರ್ನಾಟಕಕ್ಕೆ ಇನ್ನೊಂದು ಅನುಭವವಿದೆ. ಮುಚ್ಚಿಟ್ಟರೂ ಫಲ ಸಿಗುವುದಿಲ್ಲ.

ಕೇಂದ್ರ ಸರ್ಕಾರ 2005ರಲ್ಲಿ ಹದಿಹರೆಯದವರ ಶಿಕ್ಷಣ ಕಾರ್ಯಕ್ರಮ ಆರಂಭಿಸಿತು. 2007ರಲ್ಲಿ ಅದರ ಚಿತ್ರ, ಕೈಪಿಡಿಗಳ ಬಗ್ಗೆ ಹಲವು ರಾಜ್ಯಗಳಲ್ಲಿ ಆಕ್ಷೇಪ ಎದ್ದಿತು. ಮಹಾರಾಷ್ಟ್ರ, ಗುಜರಾತ್, ಮಧ್ಯಪ್ರದೇಶಗಳ ಸಾಲಿನಲ್ಲಿ ಕರ್ನಾಟಕವೂ ಅದನ್ನು ನಿಲ್ಲಿಸಿತು. ಚರ್ಚೆಯೆಲ್ಲ ದೇಹದ ಚಿತ್ರಗಳ ಸುತ್ತಲೇ ಸುತ್ತಿತು. ಅದೇ ಕಾರ್ಯಕ್ರಮದಲ್ಲಿದ್ದ ಜೀವನ ಕೌಶಲದ ಮಾತು, ಒತ್ತಡಕ್ಕೆ ಮಣಿಯದೆ ನಿಲ್ಲುವ ಮಾತು, ನಿರ್ಧಾರ ಕೈಗೊಳ್ಳುವ ಮಾತು ಗದ್ದಲದಲ್ಲಿ ಮುಳುಗಿದವು.

ಹದಿನೈದು ವರ್ಷಗಳ ನಂತರ, ಆ ಮಾತನ್ನು ನ್ಯಾಯಾಲಯ ಎತ್ತಬೇಕಾಯಿತು. 16ರ ಹುಡುಗಿ, ಅವಳಿಗಿಂತ ತುಸು ದೊಡ್ಡ ಹುಡುಗ ಪ್ರೀತಿಸಿ ಊರು ಬಿಟ್ಟಾಗ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿ ಪ್ರಕರಣ ದಾಖಲಾಗುತ್ತದೆ. 2012ರ ಈ ಕಾಯ್ದೆಯಡಿ 18ರೊಳಗಿನವರ ಒಪ್ಪಿಗೆಗೆ ಬೆಲೆಯಿಲ್ಲ. ಎಷ್ಟೋ ಮಕ್ಕಳಿಗೆ ಇದು ಗೊತ್ತಾಗುವುದು ಪೊಲೀಸ್ ಠಾಣೆಯಲ್ಲೇ. ಇಂಥದ್ದೊಂದು ಪ್ರಕರಣದಲ್ಲಿ 2022ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ, ಒಂಬತ್ತನೇ ತರಗತಿಯಿಂದಲೇ ಮಕ್ಕಳಿಗೆ ಈ ಕಾನೂನಿನ ತಿಳಿವಳಿಕೆ ಕೊಡಬೇಕು, ಅದಕ್ಕೆ ಪಾಠ ಸಾಮಗ್ರಿ ಸಿದ್ಧಪಡಿಸಬೇಕು ಎಂದು ಶಿಕ್ಷಣ ಇಲಾಖೆಗೆ ಸೂಚಿಸಿತು.

ಕಾನೂನು ಹೇಳುವುದು ಅಗತ್ಯ. ಅಷ್ಟಕ್ಕೇ ನಿಂತರೆ ಮತ್ತೆ ಹೆದರಿಕೆಯ ಪಾಠವಾಗುತ್ತದೆ. ಮನಸ್ಸು ಒಬ್ಬರ ಕಡೆ ವಾಲುವುದು ತಪ್ಪಲ್ಲ, ಆ ಸೆಳೆತಕ್ಕೆ ತಕ್ಷಣ ಒಪ್ಪಿಸಿಕೊಳ್ಳಬೇಕಿಲ್ಲ, ಇಷ್ಟವಿಲ್ಲ ಎಂದವರ ಹಿಂದೆ ಬೀಳುವುದು ಪ್ರೀತಿಯಲ್ಲ ಎಂಬುದನ್ನು ಸಿನಿಮಾಕ್ಕಿಂತ ಮೊದಲು ಶಾಲೆ ಹೇಳಬೇಕು.

ವಾರಕ್ಕೊಂದು ಪೀರಿಯಡ್ ಸಿಕ್ಕರೆ ಆ ನಲವತ್ತು ನಿಮಿಷದಲ್ಲಿ ಏನಾಗಬೇಕು?

ಸನ್ನಿವೇಶ ಒಂದು. ಹುಡುಗಿ ಶಾಲಾ ಪ್ರವಾಸಕ್ಕೆ ಅಪ್ಪನ ಒಪ್ಪಿಗೆ ಕೇಳುತ್ತಾಳೆ. ‘ಬೇಡ ಅಂದ್ರೆ ಬೇಡ’ ಎನ್ನುತ್ತಾನೆ ಅಪ್ಪ. ಇಬ್ಬರು ಮಕ್ಕಳು ಇದನ್ನು ಆಡಿ ತೋರಿಸಲಿ. ಅಪ್ಪನ ಪಾತ್ರ ಹುಡುಗಿಗೇ ಸಿಗಲಿ. ಅಪ್ಪನ ಭಯ ಯಾವುದು, ದುಡ್ಡಿನದೋ, ಊರವರ ಮಾತಿನದೋ? ಅದನ್ನು ಕೇಳಿ ತಿಳಿಯುವ ದಾರಿ ಯಾವುದು? ತರಗತಿ ಒಟ್ಟಾಗಿ ಹುಡುಕಲಿ.

ಸನ್ನಿವೇಶ ಎರಡು. ಗೆಳತಿ ಮಾತು ಬಿಟ್ಟಿದ್ದಾಳೆ. ‘ನೀನು ಯಾವಾಗ್ಲೂ ಹೀಗೇ’ ಎಂದು ಶುರು ಮಾಡಿದರೆ ಜಗಳ ಬೆಳೆಯುತ್ತದೆ. ‘ನಿನ್ನೆ ನನ್ನ ಬಿಟ್ಟು ಹೋದೆಯಲ್ಲ, ನಂಗೆ ಬೇಜಾರಾಯ್ತು’ ಎಂದರೆ ಮಾತು ಮುಂದುವರಿಯುತ್ತದೆ. ಎರಡನ್ನೂ ಆಡಿ ನೋಡಿದ ಮಗುವಿಗೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ಇನ್ನೊಂದು ವಾರ ಮನೆಗೆಲಸದ ಪಟ್ಟಿ ಬರಲಿ. ಒಂದು ಮನೆಯಲ್ಲಿ ಮೊದಲು ಏಳುವವರು ಯಾರು, ಕೊನೆಗೆ ಉಣ್ಣುವವರು ಯಾರು? ಮತ್ತೊಂದು ವಾರ ತಿಂಗಳ ಖರ್ಚಿನ ಲೆಕ್ಕ. ದಿನಸಿ, ಔಷಧಿ, ಸಂಘದ ಕಂತು, ಫೀಸು, ಮೊಬೈಲ್ ರೀಚಾರ್ಜು ಬರೆದು ಕೂಡಿಸಿದಾಗ ‘ಹೊಸ ಫೋನ್ ಕೊಡಿಸಲ್ಲ’ ಎಂಬ ಅಪ್ಪನ ಮಾತಿಗೆ ಬೇರೆಯೇ ಅರ್ಥ ಹೊಳೆದೀತು. ಅಜ್ಜಿಯ ಬಾಲ್ಯ ಕೇಳಿ ಬರೆದು ತರುವುದು, ಹಾಸಿಗೆ ಹಿಡಿದವರ ಆರೈಕೆ ಅರಿಯುವುದು, ಕುಡಿತ ಮನೆಯನ್ನು ಹೇಗೆ ಹಾಳುಮಾಡುತ್ತದೆ ಎಂದು ಚರ್ಚಿಸುವುದು ಎಲ್ಲಕ್ಕೂ ಇಲ್ಲಿ ಅವಕಾಶವಿದೆ.

ತಪ್ಪಬಾರದ ಮೂರು ಎಚ್ಚರ

ಮೊದಲನೆಯದು, ಮಗುವಿನ ಮನೆಯ ಗುಟ್ಟು ತರಗತಿಯ ಮುಂದೆ ಬರಬಾರದು. ‘ನಿಮ್ಮಪ್ಪ ಕುಡೀತಾರಾ?’ ಎಂದು ಕೇಳುವ ತರಗತಿ ಕ್ರೂರವಾಗುತ್ತದೆ. ಕಥೆಯ ಪಾತ್ರವನ್ನು ಮುಂದಿಟ್ಟು ಮಾತಾಡಬೇಕು. ಮಗು ತಾನಾಗಿ ಒಬ್ಬರ ಬಳಿ ಬಂದು ಹೇಳಿಕೊಂಡರೆ ಕಿವಿಗೊಡಬೇಕು. ಲೈಂಗಿಕ ದೌರ್ಜನ್ಯದ ಸಂಗತಿಯಾದರೆ ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸುವುದು ಪೋಕ್ಸೊ ಕಾಯ್ದೆಯಡಿ ಪ್ರತಿಯೊಬ್ಬರ ಕರ್ತವ್ಯ, ತಿಳಿಸದಿದ್ದರೆ ಶಿಕ್ಷೆಯುಂಟು.

ಎರಡನೆಯದು, ಅಪ್ಪ, ಅಮ್ಮ, ಇಬ್ಬರು ಮಕ್ಕಳ ಚಿತ್ರವನ್ನೇ ಕುಟುಂಬವೆಂದು ತೋರಿಸಬಾರದು. ತಾಯಿ ಒಬ್ಬಳೇ ದುಡಿದು ಸಾಕುವ ಮನೆ, ಅಜ್ಜಿಯೇ ಯಜಮಾನಿಯಾದ ಮನೆ, ಹಾಸ್ಟೆಲ್ಲೇ ಮನೆಯಾದ ಮಗು ಎಲ್ಲರೂ ಅದೇ ಬೆಂಚಿನಲ್ಲಿದ್ದಾರೆ. ಯಾವ ಮಗುವಿಗೂ ತನ್ನ ಮನೆ ಕೊರತೆಯದು ಅನ್ನಿಸಬಾರದು.

ಮೂರನೆಯದು, ಇದಕ್ಕೆ ಅಂಕ ಬೇಡ. ಅಂಕ ಬಂದ ದಿನವೇ ಗೈಡು ಬರುತ್ತದೆ, ಗೈಡು ಬಂದರೆ ಮತ್ತೆ ಬಾಯಿಪಾಠ.

---

ಬಾಕ್ಸ್: ಮಾತಾಡಬೇಕು ಅನ್ನಿಸಿದರೆ

• 14416: ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಆರಂಭವಾದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ. ಕನ್ನಡದಲ್ಲೂ ಮಾತಾಡಬಹುದು. ಇದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್.

• 1098: ಮಕ್ಕಳ ಸಹಾಯವಾಣಿ. ಬಾಲ್ಯವಿವಾಹ, ಹೊಡೆತ, ದೌರ್ಜನ್ಯ ಯಾವುದೇ ಇರಲಿ, ಮಗುವೇ ಕರೆ ಮಾಡಬಹುದು.

• ಸ್ನೇಹ ಕ್ಲಿನಿಕ್: ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿ ಇರುವ ಸಲಹಾ ಕೇಂದ್ರ.

---

ಈ ಜೂನ್‌ನಲ್ಲೇ ಆಗಲಿ

ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಪುಸ್ತಕವೂ ಬೇಡ. ಒಂಬತ್ತನೇ ತರಗತಿಯ ಪಾಠ ಕೈಯಲ್ಲಿದೆ. ಚಟುವಟಿಕೆಗಳನ್ನು ರೂಪಿಸಿದ ಅನುಭವ ನಿಮ್ಹಾನ್ಸ್‌ಗೆ ಇದೆ. ನ್ಯಾಯಾಲಯದ ಸೂಚನೆಯೂ ಇದೆ. ಬೇಕಾದದ್ದು ಎಂಟರಿಂದ ಹತ್ತನೇ ತರಗತಿಯವರೆಗೆ ವಾರಕ್ಕೊಂದು ಪೀರಿಯಡ್, ಹೋಬಳಿಗೊಬ್ಬರಾದರೂ ತರಬೇತಾದ ಆಪ್ತಸಲಹೆಗಾರರು, ಮತ್ತು ಆ ಪೀರಿಯಡ್ಡನ್ನು ಗಣಿತದ ವಿಶೇಷ ತರಗತಿಗೆ ಬಿಟ್ಟುಕೊಡದ ಮುಖ್ಯೋಪಾಧ್ಯಾಯರು.

ಶಿಕ್ಷಣ ಇಲಾಖೆ ಇದನ್ನು ವೇಳಾಪಟ್ಟಿಗೆ ಸೇರಿಸಲಿ. ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು ಶಾಲೆ ತೆರೆದ ಮೇಲಿನ ಮೊದಲ ಸಭೆಯಲ್ಲೇ ಈ ಬೇಡಿಕೆ ಇಡಲಿ. ಅಪ್ಪ, ಅಮ್ಮಂದಿರಲ್ಲಿ ಒಂದು ವಿನಂತಿ: ಮಗು ಈ ಪಾಠ ಕಲಿತು ಬಂದು, ದನಿ ಏರಿಸದೆ ‘ಅಪ್ಪಾ, ನಂದೊಂದು ಮಾತಿದೆ’ ಎಂದರೆ ಅದನ್ನು ಎದುರುವಾದ ಎನ್ನಬೇಡಿ. ಮಾತು ಮುಗಿಯುವ ತನಕ ಕೂತು ಕೇಳಿ.